ಗೆರೆಯಾಚೆಯ ಮೆಟ್ಟಿಲು

ಮೊದಲ ದಿನವೇ ಅವನು ನನಗೆ ಬೈದ.

"ಈ ಬೆಲ್ಟು ನಾಯಿಗೆ ಕಟ್ಟೋದಾ, ನನಗೆ ಕಟ್ಟೋದಾ ಮೇಡಂ? ಬೆಳಗ್ಗೆಯಿಂದ ಹದಿನಾಲ್ಕು ಸಲ ಕೂಗಿದೆ. ನಾಯಿ ಇಲ್ಲೇ ನನ್ನ ಕಾಲ ಮೇಲೆ ತಲೆ ಇಟ್ಕೊಂಡು ಗೊರಕೆ ಹೊಡೀತಿದೆ. ಫೋನು ಮಾತ್ರ ನಾಯಿ ಮನೆ ಬಿಟ್ಟು ಹೋಯ್ತು, ಮನೆ ಬಿಟ್ಟು ಹೋಯ್ತು ಅಂತ ಬಾಯಿ ಬಡ್ಕೊಳ್ತಿದೆ!"

ನಮ್ಮ ಕಂಪನಿ ಮಾರುವುದು ಅದನ್ನೇ. ನಾಯಿಯದೋ ಬೆಕ್ಕಿನದೋ ಕೊರಳಿಗೆ ಕಟ್ಟುವ ಎಲೆಕ್ಟ್ರಾನಿಕ್ ಬೆಲ್ಟು. ಮನೆಯ ಸುತ್ತ ಮ್ಯಾಪಿನಲ್ಲಿ ಒಂದು ಗೆರೆ ಇರುತ್ತದೆ. ಪ್ರಾಣಿ ಆ ಗೆರೆ ದಾಟಿದರೆ ಯಜಮಾನರ ಫೋನು ಕೂಗುತ್ತದೆ. ಕೂಗಬಾರದ ಹೊತ್ತಿನಲ್ಲಿ ಕೂಗಿದರೆ ಯಜಮಾನರು ನಮ್ಮ ಮೇಲೆ ಕೂಗುತ್ತಾರೆ. ಅದನ್ನು ಕೇಳಿಸಿಕೊಳ್ಳಲು ಹೆಡ್‌ಫೋನ್ ಹಾಕಿಕೊಂಡು ಕೂತ ಇಪ್ಪತ್ತು ಜನರಲ್ಲಿ ನಾನೊಬ್ಬಳು. ಡಿಗ್ರಿ ಮುಗಿಸಿ, ನಾಲ್ಕು ಜನರೆದುರು ಬಾಯಿ ಬಿಡಲಾರದವಳಿಗೆ ಮಾತಾಡುವ ಕೆಲಸವೇ ಸಿಕ್ಕಿತ್ತು. ಆದರೆ ಏನು ಮಾತಾಡಬೇಕೆಂದು ಮುಂದಿನ ಬೋರ್ಡಿನಲ್ಲಿ ಬರೆದೇ ಇಟ್ಟಿದ್ದರು. ಅದಷ್ಟೇ ನನ್ನ ಪುಣ್ಯ.

"ತಮಗಾದ ಅಸೌಕರ್ಯಕ್ಕೆ ವಿಷಾದಿಸುತ್ತೇನೆ ಸರ್," ಎಂದು ಓದಿದೆ. "ಬೆಲ್ಟನ್ನ ಮೊದಲು ಎಲ್ಲಿ ಆನ್ ಮಾಡಿದ್ರಿ?"

"ತಗೊಂಡ ಅಂಗಡೀಲೇ. ಕೆಲಸ ಮಾಡುತ್ತೋ ಇಲ್ಲವೋ ನೋಡ್ಬೇಡ್ವಾ?"

"ಹಾಗಾದ್ರೆ ಅದು ಆ ಅಂಗಡೀನೇ ಮನೆ ಅಂದ್ಕೊಂಡಿದೆ ಸರ್. ನೀವು ಅಲ್ಲಿಂದ ಹೊರಟಾಗಿಂದ ನಿಮ್ಮ ನಾಯಿ ಅದರ ಲೆಕ್ಕದಲ್ಲಿ ಕಳೆದುಹೋಗಿದೆ."

ಆ ಕಡೆಯಿಂದ ನಗು ಬಂತು. ಮಡಿಸಿಟ್ಟ ಬಟ್ಟೆಯನ್ನು ಯಾರೋ ಫಟ್ಟನೆ ಕೊಡವಿದಂಥ ನಗು. ನನ್ನ ಕಿವಿ ಬಿಸಿಯಾಯಿತು. ಹೆಡ್‌ಫೋನು ಹಳೆಯದು, ಅದಕ್ಕೇ ಇರಬೇಕು ಎಂದುಕೊಂಡೆ.

ಅವನು ಟೈಲರ್. ಮುಂದೆ ಅಂಗಡಿ, ಹಿಂದೆ ಮನೆ. ಮನೆಯಲ್ಲಿ ಅವನು, ಗೇಟು ಹಾಕುವುದನ್ನು ದಿನಾ ಮರೆಯುವ ಅಪ್ಪ, ಮತ್ತು ಚಿಂದಿ. ಕತ್ತರಿಸಿ ಬಿಸಾಡಿದ ಬಟ್ಟೆಯ ಗುಡ್ಡೆಯಲ್ಲಿ ಮರಿಯಾಗಿದ್ದಾಗ ಸಿಕ್ಕಿದ್ದಕ್ಕೆ ಆ ಹೆಸರು. ಈಗ ಮುದುಕಿ, ಕಿವಿ ಪೂರ್ತಿ ಕೇಳುವುದಿಲ್ಲ. "ಕರೆದ್ರೂ ಕೇಳಲ್ಲ, ಹಾರ್ನ್ ಹೊಡೆದ್ರೂ ಕೇಳಲ್ಲ. ಗೇಟು ದಾಟಿದ್ರೆ ಮುಗೀತು ಕಥೆ. ಅದಕ್ಕೇ ಈ ಬೆಲ್ಟು," ಎಂದ.

ನಾನು ಮ್ಯಾಪು ತೆರೆದು ಅವನ ಮನೆಯ ಸುತ್ತ ಹೊಸ ಗೆರೆ ಎಳೆದೆ. ಅಂಗಡಿಯ ಪಕ್ಕ ಒಂದು ಲಾಂಡ್ರಿ. ಅದರ ಬಾಗಿಲ ಮೆಟ್ಟಿಲು ಒಳಗಿನ ಶಾಖಕ್ಕೆ ಬೆಚ್ಚಗಿರುತ್ತದಂತೆ, ದಿನಾ ಮಧ್ಯಾಹ್ನ ಮೂರಕ್ಕೆ ಚಿಂದಿ ಅಲ್ಲಿ ಹೋಗಿ ಮಲಗುತ್ತಾಳಂತೆ. ಇದನ್ನು ಅವನು ನನಗೆ ಹೇಳಿದ್ದು ಮರುದಿನ, ಮೂರೂ ಐದಕ್ಕೆ, ಫೋನು ಮತ್ತೆ ಕೂಗಿದ ಮೇಲೆ.

"ಆ ಮೆಟ್ಟಿಲನ್ನೂ ಗೆರೆಯೊಳಗೆ ಸೇರಿಸಿ ಮೇಡಂ. ಬಟ್ಟೆ ಹೊಲಿಯೋವಾಗ ನಾವು ಮಾರ್ಜಿನ್ ಬಿಡಲ್ವಾ, ಹಾಗೆ ಸ್ವಲ್ಪ ಸಡಿಲ ಬಿಡಿ."

ನಮ್ಮಲ್ಲಿ ಒಂದು ನಿಯಮವಿದೆ. ದೂರು ತೆಗೆದುಕೊಂಡವರು ಅದನ್ನು ಮುಗಿಸುವವರೆಗೆ ಆ ಗ್ರಾಹಕರ ಕರೆ ಅವರಿಗೇ ಬರುತ್ತದೆ. 'ಮುಗಿದಿದೆ' ಎಂಬ ಹಸಿರು ಬಟನ್ ಒತ್ತಿದರೆ ಮುಂದಿನ ಕರೆ ಇಪ್ಪತ್ತು ಜನರಲ್ಲಿ ಯಾರಿಗೆ ಬೇಕಾದರೂ ಹೋಗಬಹುದು.

ಮೆಟ್ಟಿಲನ್ನು ಸೇರಿಸಲು ಬೇಕಿದ್ದದ್ದು ಎರಡು ಸೆಕೆಂಡು. ನಾನು ಚುಕ್ಕಿಯನ್ನು ಹಿಡಿದು ಎಳೆದೆ. ಲಾಂಡ್ರಿಯ ಗೋಡೆಯವರೆಗೆ ಎಳೆದು, ಮೆಟ್ಟಿಲಿಗೆ ಒಂದು ಗೇಣು ಮೊದಲೇ ಬಿಟ್ಟುಬಿಟ್ಟೆ.

"ಸರಿ ಮಾಡಿದೀನಿ ಸರ್," ಎಂದೆ.

ಸುಳ್ಳು ಇಷ್ಟು ಸಲೀಸಾಗಿ ಬರುವ ಬಾಯಿಗೆ ನಿಜ ಯಾಕೆ ಬರುವುದಿಲ್ಲವೋ.

ಹೀಗೆ ಹನ್ನೊಂದು ದಿನ. ಮೂರೂ ಐದಕ್ಕೆ ಅವನ ಕರೆ. ಮೊದಲ ಎರಡು ನಿಮಿಷ ಬೈಗುಳ, ಆಮೇಲೆ ಮಾತು. ಹಿಂದೆ ಹೊಲಿಗೆ ಯಂತ್ರದ ಸದ್ದು ನಿಂತು, ಕತ್ತರಿಯ ಸದ್ದು ಶುರುವಾಗುತ್ತಿತ್ತು.

"ಲೈನಿನಲ್ಲೇ ಇರ್ತೀರಾ ಸರ್? ಚೆಕ್ ಮಾಡ್ತೀನಿ."

"ಇರ್ತೀನಿ, ಎಲ್ಲಿಗೆ ಹೋಗ್ಲಿ? ಕಾಜಾ ಹಾಕ್ತಿದೀನಿ, ಹನ್ನೆರಡು ಗುಂಡಿ ಇದೆ. ನಿಧಾನಕ್ಕೆ ಚೆಕ್ ಮಾಡಿ."

ನಾನು ಚೆಕ್ ಮಾಡುವುದಕ್ಕೆ ಏನೂ ಇರಲಿಲ್ಲ. ಅವನ ಉಸಿರು ಕೇಳುತ್ತ ಕೂರುತ್ತಿದ್ದೆ. ಸೂಜಿಗೆ ದಾರ ಪೋಣಿಸುವಾಗ ಅವನು ಉಸಿರು ಬಿಗಿಹಿಡಿಯುತ್ತಿದ್ದ. ಪೋಣಿಸಿದ ಮೇಲೆ ಬಿಡುತ್ತಿದ್ದ. ಅಷ್ಟಕ್ಕೇ ನನ್ನ ಎದೆ ಏನೇನೋ ಆಡುತ್ತಿತ್ತು.

"ಒಂದು ಮಾತು ಕೇಳ್ಲಾ ಮೇಡಂ? ನಿಮಗೆ ಆ ಅಸೌಕರ್ಯ, ವಿಷಾದ ಬಿಟ್ಟು ಬೇರೇನೂ ಹೇಳೋಕೆ ಬರಲ್ವಾ?"

ಬರುತ್ತದೆ, ಎನ್ನಬೇಕೆನಿಸಿತು. ನಿಮ್ಮ ಹನ್ನೆರಡು ಗುಂಡಿಯಲ್ಲಿ ಎಷ್ಟನೆಯದು ಈಗ, ಎಂದು ಕೇಳಲು ಬರುತ್ತದೆ. ಆದರೆ ಪ್ರತಿ ಕರೆಯೂ ರೆಕಾರ್ಡ್ ಆಗುತ್ತದೆ. ಬೆನ್ನ ಹಿಂದೆ ಟೀಮ್ ಲೀಡರ್ ಓಡಾಡುತ್ತಿರುತ್ತಾರೆ.

"ಇನ್ನೇನಾದರೂ ಸಹಾಯ ಬೇಕೇ ಸರ್?" ಎಂದು ಓದಿದೆ. ಹೆಡ್‌ಫೋನು ಕಿತ್ತು ಮೇಜಿಗೆ ಕುಕ್ಕಿದೆ. ಪಕ್ಕದ ಡೆಸ್ಕಿನವಳು ತಿರುಗಿ ನೋಡಿದಳು. ಅವಳ ಬಾಯಿ ಮುಚ್ಚಿದ್ದನ್ನು ಯಾರೂ ಕಂಡಿಲ್ಲವಾದ್ದರಿಂದ ಆಫೀಸಿನಲ್ಲಿ ಅವಳನ್ನು ರೇಡಿಯೋ ಎನ್ನುತ್ತಾರೆ.

"ಮತ್ತೆ ನಿನ್ನ ಟೈಲರ್‌ನಾ? ಒಂದು ನಾಯಿ ಬೆಲ್ಟು ಸರಿ ಮಾಡೋಕೆ ಹನ್ನೊಂದು ದಿನ! ನನಗಾದ್ರೂ ಕೊಡೇ, ಐದು ನಿಮಿಷದಲ್ಲಿ ಮುಗಿಸ್ತೀನಿ."

"ಬೇಡ," ಎಂದೆ, ಬೇಕಾದ್ದಕ್ಕಿಂತ ಜೋರಾಗಿ.

ಮನೆಯಲ್ಲಿ ಅತ್ತಿಗೆಯ ಕಣ್ಣು ತಪ್ಪಿಸುವುದು ಇನ್ನೂ ಕಷ್ಟ. ಭಾನುವಾರ ಬೆಳಗ್ಗೆ ಹಾಸಿಗೆ ಬದಲಿಸುತ್ತಿದ್ದಾಗ ಸೊಂಟಕ್ಕೆ ಕೈಯಿಟ್ಟು ಬಾಗಿಲಲ್ಲಿ ನಿಂತರು.

"ಏನೇ, ದಿಂಬಿನ ಕವರಿಗೆ ಟವೆಲ್ ತುರುಕ್ತಿದೀಯ? ಯಾರೇ ಅವನು?"

"ಯಾರೂ ಇಲ್ಲ ಅತ್ತಿಗೆ."

"ಯಾರೂ ಇಲ್ಲದವರಿಗೆ ಮುಖ ಹೀಗೆ ಕೆಂಪಾಗಲ್ಲ. ಹೇಳ್ತೀಯೋ, ನಿಮ್ಮಣ್ಣನ್ನ ಕರೀಲೋ?"

ಹೇಳಿದೆ. ಅರ್ಧ ಕೇಳುವ ಹೊತ್ತಿಗೆ ಅವರು ಹಾಸಿಗೆ ಮೇಲೆ ಬಿದ್ದು ನಗುತ್ತಿದ್ದರು. ಗೆರೆಯ ವಿಷಯಕ್ಕೆ ಬಂದಾಗ ಎದ್ದು ಕೂತರು.

"ಅಲ್ವೇ, ಕಿವಿ ಕೇಳದ ನಾಯಿ ಅಂತೀಯ. ನಿಜವಾಗಲೂ ಒಂದಿನ ಹೋಗ್ಬಿಟ್ರೆ?"

"ಹೋದ್ರೆ ಫೋನ್ ಕೂಗುತ್ತಲ್ಲ."

"ದಿನಾ ಕೂಗೋ ಫೋನನ್ನ ಯಾರೇ ನೋಡ್ತಾರೆ? ನಾಳೆ ಹೋಗಿ ಆ ಗೆರೆ ಸರಿ ಮಾಡು. ಮಾತಾಡ್ಬೇಕು ಅನ್ನಿಸಿದ್ರೆ ಬಾಯಿ ಬಿಟ್ಟು ಮಾತಾಡು. ನಾಯಿ ಕೊರಳಿಗೆ ಕಟ್ಟಿ ಆಡೋ ಆಟ ಅಲ್ಲ ಇದು."

ನನಗೆ ಸಿಟ್ಟು ಬಂತು. ಅತ್ತಿಗೆ ಹೇಳಿದ್ದು ಸರಿ ಎಂಬುದಕ್ಕೇ ಹೆಚ್ಚು ಸಿಟ್ಟು. ಬಾಯಿ ಬಿಟ್ಟು ಮಾತಾಡು ಎನ್ನುತ್ತಾರೆ, ಬಾಯಿ ಬಿಡುವುದು ಡಬ್ಬಿಯ ಮುಚ್ಚಳ ತೆಗೆದಷ್ಟು ಸುಲಭ ಎಂಬಂತೆ.

ಸೋಮವಾರ ಗೆರೆ ಸರಿ ಮಾಡಲಿಲ್ಲ. ಇವತ್ತೊಂದು ದಿನ ಮಾತಾಡಿ, ನಾಳೆ ಮುಗಿಸೋಣ ಎಂದುಕೊಂಡೆ. ಮೂರೂ ಐದಾಯಿತು. ಮೂರೂವರೆಯಾಯಿತು. ಕರೆ ಬರಲಿಲ್ಲ. ಬೇರೆ ಯಾರದೋ ಬೆಕ್ಕು ಪಕ್ಕದ ಮನೆಯ ಚಾವಣಿ ಹತ್ತಿದ್ದಕ್ಕೆ ವಿಷಾದಿಸಿದೆ. ಪರದೆಯಲ್ಲಿ ನೋಡಿದರೆ ಚಿಂದಿಯ ಎಚ್ಚರಿಕೆ ಅವನ ಫೋನಿಗೆ ಹೋಗಿತ್ತು, ಅವನು ತೆರೆದಿರಲಿಲ್ಲ. ಮಂಗಳವಾರವೂ ಅಷ್ಟೆ. ನನ್ನ ತಲೆ ಚಿಟ್ಟುಹಿಡಿಯಿತು. ಬೇಸರವಾಯಿತಾ? ನನ್ನ ದನಿ ಸಾಕಾಯಿತಾ? ಯಾರ ಮೇಲೆ ಎಂದು ಗೊತ್ತಿಲ್ಲದ ಕೋಪದಲ್ಲಿ ಮೂರು ಪೆನ್ನಿನ ಮುಚ್ಚಳ ಕಚ್ಚಿ ಹಾಳು ಮಾಡಿದೆ. ಅವನು ಫೋನಿನ ಸದ್ದು ತೆಗೆದುಬಿಟ್ಟಿದ್ದಾನೆ ಎಂಬುದು ಹೊಳೆದದ್ದು ಬುಧವಾರ.

ಬುಧವಾರ ಮೂರಕ್ಕೆ ಚಿಂದಿಯ ಚುಕ್ಕಿ ಮೆಟ್ಟಿಲಿಗೆ ಬಂತು. ಮೂರೂ ಇಪ್ಪತ್ತಕ್ಕೆ ಬೀದಿಗಿಳಿಯಿತು. ಮೂರೂ ಇಪ್ಪತ್ತೆರಡಕ್ಕೆ ದೊಡ್ಡ ರಸ್ತೆಯಲ್ಲಿತ್ತು.

ನಾನು ಫೋನ್ ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಮಾಡಿದೆ. ಮೂರನೇ ಸಲವೂ ಎತ್ತದಿದ್ದರೆ ಒಂದು ಮೆಸೇಜ್ ಕಳಿಸಿ ಮುಂದಿನ ಕರೆ ತೆಗೆದುಕೊಳ್ಳಬೇಕು, ಅದೇ ನಿಯಮ. ಮೂರನೇ ಸಲವೂ ಎತ್ತಲಿಲ್ಲ. ನಾನೇ ಅವನನ್ನು ಕಿವುಡು ಮಾಡಿದ್ದೆ.

ಎದ್ದು ನಿಂತೆ. ವೈರು ಕುರ್ಚಿಗೆ ಸಿಕ್ಕಿ ಹೆಡ್‌ಫೋನು ನೆಲಕ್ಕೆ ಬಿತ್ತು.

"ಎಲ್ಲಿಗೆ?" ಎಂದರು ಟೀಮ್ ಲೀಡರ್.

"ಹೊರಗೆ," ಎಂದೆ. ಬೋರ್ಡು ನೋಡದೆ ಅವರಿಗೆ ನಾನು ಕೊಟ್ಟ ಮೊದಲ ಉತ್ತರ ಅದು.

ಕಾಲು ಗಂಟೆಯ ಬಸ್ಸು. ಚುಕ್ಕಿಯನ್ನು ನನ್ನ ಫೋನಿನಲ್ಲಿ ತೆರೆದಿಟ್ಟುಕೊಂಡು ಕಂಬಿ ಹಿಡಿದು ನಿಂತಿದ್ದೆ. ಸಿಗ್ನಲ್ಲುಗಳನ್ನೆಲ್ಲ ಶಪಿಸಿದೆ. ಇಳಿದು ಓಡಿದೆ.

ಅಂಗಡಿಯ ತುಂಬ ಅರ್ಧ ಹೊಲಿದ ಬಟ್ಟೆ. ಕೊರಳಲ್ಲಿ ಟೇಪು, ಕಿವಿಯ ಸಂದಿಯಲ್ಲಿ ಪೆನ್ಸಿಲು, ತುಟಿಗಳ ನಡುವೆ ಎರಡು ಗುಂಡುಸೂಜಿ. ಅವನು ಕತ್ತೆತ್ತಿ ನನ್ನನ್ನು ನೋಡಿದ. ಭುಜದಿಂದ ಭುಜಕ್ಕೆ, ಭುಜದಿಂದ ಮೊಣಕೈಗೆ ನೋಟ ಹಾಯಿಸಿದ. ಅಳತೆ ಹಾಕುವ ನೋಟ, ಅಷ್ಟೆ. ಆದರೂ ನನ್ನ ಮೊಣಕೈ ಎಲ್ಲಿಡಬೇಕೆಂದು ತೋಚದಾಯಿತು. ಅವನು ಸೂಜಿ ತೆಗೆದು, "ಈ ವಾರ ಆಗಲ್ಲ, ಮುಂದಿನ ವಾರ ಬನ್ನಿ," ಎಂದ.

"ಚಿಂದಿ ಎಲ್ಲಿ?"

ಅವನ ಕೈ ನಿಂತಿತು. ದನಿ ಗುರುತು ಹತ್ತಿತೆಂದು ಅವನ ಹುಬ್ಬು ಹೇಳಿತು. "ಮೇಡಂ? ನೀವು... ಅವಳು ಮೆಟ್ಟಿಲ ಮೇಲೆ..."

ಇಬ್ಬರೂ ಹೊರಗೋಡಿದೆವು. ಮೆಟ್ಟಿಲು ಖಾಲಿ. ಅವನು ಫೋನು ತೆಗೆದ. ಹದಿನೈದು ಎಚ್ಚರಿಕೆ, ಮೂರು ಮಿಸ್ಡ್ ಕಾಲ್. ಮುಖ ಸುಣ್ಣವಾಯಿತು. "ಚಿಂದೀ!" ಎಂದು ಬೀದಿಯ ಆ ತುದಿಗೆ ಕೂಗಿದ, ಕೇಳುವುದಿಲ್ಲ ಎಂದು ಗೊತ್ತಿದ್ದೂ.

"ಕೂಗ್ಬೇಡಿ, ಇಲ್ಲಿ ನೋಡಿ." ಫೋನು ಅವನ ಮುಂದೆ ಹಿಡಿದೆ. "ಇದು ನಡಿಗೆ ಅಲ್ಲ. ಎರಡು ನಿಮಿಷಕ್ಕೆ ಒಂದು ಕಿಲೋಮೀಟರು ಹೋಗಿದೆ. ಮುದಿ ನಾಯಿ ಇಷ್ಟು ಓಡಲ್ಲ. ಅವಳು ಯಾವುದೋ ಗಾಡಿಯಲ್ಲಿದ್ದಾಳೆ."

ಲಾಂಡ್ರಿಯಾಕೆ ಬಾಗಿಲಿಗೆ ಬಂದರು. "ನಮ್ಮ ವ್ಯಾನು ಆಗಲೇ ಹೋಯ್ತಪ್ಪ, ಹೋಟೆಲಿನ ಶೀಟು ತುಂಬ್ಕೊಂಡು. ಬಿಸಿಬಿಸಿ ಗಂಟು... ಅಯ್ಯೋ, ಹತ್ತಿ ಮಲಗಿಬಿಟ್ಲಾ?"

ಅವನ ಸ್ಕೂಟರಿನ ಹಿಂದೆ ಕೂತೆ. ಜೀವನದಲ್ಲಿ ನಾನು ಅಷ್ಟು ಮಾತಾಡಿದ್ದು ಅದೇ ಮೊದಲು. "ಎಡಕ್ಕೆ. ಅಲ್ಲ, ಮುಂದಿನ ಎಡ. ಈಗ ನೇರ. ಬಸ್ಸಿನ ಹಿಂದೆ ಹೋಗ್ಬೇಡಿ, ಬಲಕ್ಕೆ ತಗೊಳ್ಳಿ." ಚುಕ್ಕಿ ಎರಡು ನಿಮಿಷಕ್ಕೊಮ್ಮೆ ಮಾತ್ರ ಕದಲುತ್ತದೆ. ನಾವು ಹಿಡಿಯಲು ಹೋಗುತ್ತಿದ್ದದ್ದು ಎರಡು ನಿಮಿಷದ ಹಿಂದಿನ ಚಿಂದಿಯನ್ನು. ನನಗೆ ಆ ಚುಕ್ಕಿಯನ್ನು ಉಗುರಿನಿಂದ ಕಿತ್ತು ಮುಂದಕ್ಕೆ ತಳ್ಳಬೇಕೆನಿಸುತ್ತಿತ್ತು.

ಹೋಟೆಲಿನ ಹಿಂಬಾಗಿಲಲ್ಲಿ ವ್ಯಾನು ನಿಂತಿತ್ತು, ಕದಗಳು ಹಾರುಹೊಡೆದಿದ್ದವು. ಶೀಟಿನ ಗಂಟಿನ ಮೇಲೆ ನಾಯಿ ಮಲಗಿದ್ದ ಗುಳಿ ಮಾತ್ರ ಇತ್ತು. ಆಚೆ, ಸಾಮಾನಿಳಿಸುವ ಇಳಿಜಾರಿನಲ್ಲಿ, ಕಂದು ಬಣ್ಣದ ಒಂದು ಮುದಿ ನಾಯಿ ನೆಲ ಮೂಸುತ್ತ ನಿಂತಿತ್ತು. ಅದರ ಬೆನ್ನಿಗೆ ಒಂದು ಲಾರಿ ಕೀಂ ಕೀಂ ಎನ್ನುತ್ತ ಹಿಂದಕ್ಕೆ ಬರುತ್ತಿತ್ತು. ಸುತ್ತಲಿದ್ದ ಎಲ್ಲರಿಗೂ ಆ ಸದ್ದು ಕೇಳಿಸಿತು, ಚಿಂದಿಯೊಬ್ಬಳಿಗೆ ಬಿಟ್ಟು.

ಅವನು ಸ್ಕೂಟರನ್ನು ಹಾಗೇ ಬಿಟ್ಟು ಓಡಿದ. ನಾನು ಲಾರಿಯ ಪಕ್ಕಕ್ಕೆ ಎರಡೂ ಅಂಗೈ ಬಡಿಯುತ್ತ, "ನಿಲ್ಸೀ! ನಿಲ್ಸೀ!" ಎಂದು ಕಿರುಚಿದೆ. ಆ ದನಿ ನನ್ನೊಳಗೆ ಇತ್ತೆಂದು ನನಗೇ ಗೊತ್ತಿರಲಿಲ್ಲ. ಲಾರಿ ನಿಂತಿತು. ಅವನು ಇಳಿಜಾರಿನಲ್ಲಿ ಕೂತು ಚಿಂದಿಯನ್ನು ಮಡಿಲಿಗೆ ಎಳೆದುಕೊಂಡಿದ್ದ. ಅವಳಿಗೆ ಏನಾಯಿತೆಂದೇ ಗೊತ್ತಿಲ್ಲ, ಅವನ ಟೇಪು ನೆಕ್ಕುತ್ತಿದ್ದಳು.

ಅವನು ತಲೆಯೆತ್ತಿ ನನ್ನನ್ನು ನೋಡಿದ. ಈ ಸಲ ಅಳತೆಯ ನೋಟವಲ್ಲ. ಕಣ್ಣು ಒದ್ದೆಯಾಗಿತ್ತು. "ನೀವು ಬರದೇ ಇದ್ದಿದ್ರೆ..." ಎಂದ. ಆ ನೋಟವನ್ನು ಹಾಗೇ ಇಟ್ಟುಕೊಂಡುಬಿಡಬಹುದಿತ್ತು. ಸುಮ್ಮನಿದ್ದರೆ ಸಾಕಿತ್ತು, ಸುಮ್ಮನಿರುವುದು ನನಗೆ ಚೆನ್ನಾಗಿ ಬರುತ್ತದೆ.

"ತಪ್ಪು ನನ್ನದು," ಎಂದೆ. "ಮೆಟ್ಟಿಲನ್ನ ನಾನು ಗೆರೆಯೊಳಗೆ ಸೇರಿಸಲೇ ಇಲ್ಲ. ಬೇಕು ಅಂತಾನೇ ಬಿಟ್ಟೆ. ಅದಕ್ಕೇ ದಿನಾ ಕೂಗ್ತಿತ್ತು."

"ಬೇಕು ಅಂತ?"

"ಹೂಂ."

"ಯಾಕೆ?"

ಅಲ್ಲಿ ಬೋರ್ಡಿರಲಿಲ್ಲ. ರೆಕಾರ್ಡಿಂಗ್ ಇರಲಿಲ್ಲ. ಬಾಯಿ ತೆರೆದೆ. ಹನ್ನೊಂದು ದಿನದ ಮಾತೆಲ್ಲ ಒಟ್ಟಿಗೆ ನುಗ್ಗಿತು. ಕೊನೆಗೆ ಹೊರಬಿದ್ದದ್ದು ಇದು: "ತಮಗಾದ ಅಸೌಕರ್ಯಕ್ಕೆ ವಿಷಾದಿಸುತ್ತೇನೆ."

ಅವನ ಮುಖ ಕಲ್ಲಾಯಿತು. ಚಿಂದಿಯನ್ನು ಎತ್ತಿಕೊಂಡು ಎದ್ದ. "ಬಸ್ ಸ್ಟಾಪು ಆ ಕಡೆ ಇದೆ," ಎಂದು ಗದ್ದದಿಂದ ತೋರಿಸಿ ಹೊರಟುಹೋದ.

ಆಫೀಸಿಗೆ ಹಿಂದಿರುಗಿ ಗೆರೆ ಸರಿ ಮಾಡಿದೆ. ಮೆಟ್ಟಿಲು, ಅದರಾಚೆ ಒಂದು ಮಾರು ಮಾರ್ಜಿನ್. ಹಸಿರು ಬಟನ್ ಒತ್ತಿದೆ. ಟೀಮ್ ಲೀಡರ್ ಬಳಿ ಹೋಗಿ ಗೆರೆಯ ವಿಷಯ ಇದ್ದದ್ದು ಇದ್ದಹಾಗೆ ಹೇಳಿದೆ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, "ನಾಳೆಯಿಂದ ರಿಟರ್ನ್ಸ್‌ಗೆ ಹೋಗು," ಎಂದರು. ಕೆಲಸ ಉಳಿಯಿತು. ಗ್ರಾಹಕರು ಬೇಡವೆಂದು ವಾಪಸ್ ಕಳಿಸಿದ ಬೆಲ್ಟುಗಳ ಕೋಣೆ ಅದು. ಅಲ್ಲಿಗೆ ಯಾರ ಕರೆಯೂ ಬರುವುದಿಲ್ಲ.

"ಕೆಲಸ ಹೋಗಲಿಲ್ಲವಲ್ಲ ಬಿಡು," ಎಂದರು ಅತ್ತಿಗೆ. ನಾನು ಮುಸುಕು ಹಾಕಿಕೊಂಡೆ. "ಎದುರಿಗೇ ನಿಂತಿದ್ದನಲ್ಲೇ! ಒಂದು ಮಾತು ಹೇಳೋಕೆ ಏನಾಗಿತ್ತು ನಿನಗೆ?" ಎಂದು ಮುಸುಕಿನ ಮೇಲೆಯೇ ಒಂದೇಟು ಕೊಟ್ಟರು.

ಒಂಬತ್ತು ದಿನ ಡಬ್ಬಿ ಬಿಚ್ಚಿದೆ, ಬೆಲ್ಟು ಒರೆಸಿದೆ, ಡಬ್ಬಿ ಮುಚ್ಚಿದೆ. ಊಟದ ಹೊತ್ತಿನಲ್ಲಿ ರೇಡಿಯೋ ಬಂದು ಸುದ್ದಿ ಬಿತ್ತರಿಸುತ್ತಿದ್ದಳು.

"ನಿನ್ನ ಟೈಲರಿಗೆ ತಲೆ ಕೆಟ್ಟಿದೆ ಕಣೇ. ದಿನಾ ಫೋನ್ ಮಾಡ್ತಾನೆ. ಬೆಲ್ಟು ಒಗೀಬಹುದಾ ಅಂತಾನೆ, ಇಸ್ತ್ರಿ ಮಾಡಬಹುದಾ ಅಂತಾನೆ. ಉತ್ತರ ಶುರು ಮಾಡಿದ ತಕ್ಷಣ, ಓ, ಅವರಲ್ವಾ, ಅಂತ ಕಟ್ ಮಾಡ್ತಾನೆ. ಇವತ್ತು ನನಗೆ ಸಿಕ್ಕಿದ್ದ. ಅವಳು ಈಗ ಫೋನಲ್ಲಿಲ್ಲ, ರಿಟರ್ನ್ಸ್‌ನಲ್ಲಿದ್ದಾಳೆ ಅಂದೆ. ಹೇಳಬಾರದಿತ್ತಾ?"

ನಾನು ತಲೆಯಾಡಿಸಿದೆ. ಹೌದೆಂದೋ ಇಲ್ಲವೆಂದೋ ನನಗೇ ಗೊತ್ತಿಲ್ಲ.

ಎರಡು ದಿನದ ನಂತರ ಆ ಡಬ್ಬಿ ಬಂತು. ದಾರದಲ್ಲಿ ಹೊಲಿದು ಮುಚ್ಚಿದ ಬಟ್ಟೆಯ ಚೀಲ, ಅದರೊಳಗೆ ಡಬ್ಬಿ, ಡಬ್ಬಿಯೊಳಗೆ ಬೆಲ್ಟು. ಬಕ್ಕಲಿನಲ್ಲಿ ಒಂದು ಕಂದು ಕೂದಲು. ಮುಗಿಯಿತು ಎಂದುಕೊಂಡು ಫಾರ್ಮು ಬಿಡಿಸಿದೆ. 'ಹಿಂದಿರುಗಿಸಲು ಕಾರಣ' ಎಂಬಲ್ಲಿ ಐದು ಚೌಕಗಳು. ಅವನು ಗುರುತು ಹಾಕಿದ್ದು 'ಇತರೆ' ಎಂಬುದಕ್ಕೆ. ಕೆಳಗೆ, ಸಣ್ಣ ಹೊಲಿಗೆಯಂಥ ಅಕ್ಷರದಲ್ಲಿ: 'ಯಾಕೆ ಅಂತ ಒಂದು ಪ್ರಶ್ನೆ ಕೇಳಿದ್ದೆ. ಉತ್ತರ ಬಂದಿಲ್ಲ.'

'ಇತರೆ' ಎಂದಿದ್ದರೆ ಗ್ರಾಹಕರಿಗೆ ಫೋನ್ ಮಾಡಿ ಕಾರಣ ಖಾತ್ರಿ ಮಾಡಿಕೊಳ್ಳಬೇಕು. ಅದು ರಿಟರ್ನ್ಸ್‌ನ ನಿಯಮ. ನಾನು ಗೋಡೆಯ ಫೋನೆತ್ತಿದೆ. ಮೊದಲ ರಿಂಗಿಗೇ ತೆಗೆದ.

"ಸರ್, ತಾವು ಬೆಲ್ಟ್ ಹಿಂದಿರುಗಿಸಿದ..." ಎಂದು ಶುರು ಮಾಡಿದೆ.

"ಓದಬೇಡಿ," ಎಂದ. "ಓದಿದ್ರೆ ಇಡ್ತೀನಿ."

ಕಣ್ಣು ಮುಚ್ಚಿಕೊಂಡೆ. "ಗೆರೆ ಸರಿ ಮಾಡಿದ್ರೆ ನೀವು ಫೋನ್ ಮಾಡ್ತಿರಲಿಲ್ಲ."

"ಅಷ್ಟೇನಾ?"

"ಅಷ್ಟೇ ಅಲ್ಲ. ಸೂಜಿಗೆ ದಾರ ಪೋಣಿಸೋವಾಗ ನೀವು ಉಸಿರು ಬಿಗಿ ಹಿಡೀತೀರ. ನಾನೂ ಹಿಡೀತಿದ್ದೆ. ದಿನಾ ಮೂರು ಗಂಟೆ ಆಗೋದನ್ನೇ ಕಾಯ್ತಿದ್ದೆ. ಚಿಂದಿ ಬಗ್ಗೆ ಯೋಚನೇನೇ ಮಾಡಲಿಲ್ಲ, ಅದಕ್ಕೆ ನನಗೆ ನನ್ನ ಮೇಲೇ ಅಸಹ್ಯ. ಆದ್ರೂ ಕಾಯ್ತಿದ್ದೆ. ಈಗಲೂ ಮೂರಾದ್ರೆ..."

ಆ ಕಡೆ ಯಂತ್ರ ನಿಂತಿತ್ತು.

"ನನಗೆ ಇನ್ನೂ ಸಿಟ್ಟಿದೆ," ಎಂದ ಮೆಲ್ಲಗೆ.

"ಗೊತ್ತು."

"ಪೂರ್ತಿ ಹೋಗೋಕೆ ತುಂಬ ದಿನ ಬೇಕು. ಈ ಸಿಟ್ಟು ಇಟ್ಕೊಂಡು ಎಷ್ಟೋ ಜನರ ದನಿ ಕೇಳಿದೀನಿ, ಯಾವುದೂ ನಿಮ್ಮದಲ್ಲ. ನನ್ನ ತಲೆ ಎಷ್ಟು ಕೆಟ್ಟಿದೆ ಗೊತ್ತಾ? ನಿನ್ನೆ ಒಬ್ಬರ ಕೋಟಿಗೆ ಎರಡೂ ಎಡಗೈ ಹೊಲಿದಿದೀನಿ."

ನನಗೆ ನಗುವೂ ಅಳುವೂ ಒಟ್ಟಿಗೇ ಬಂದವು.

"ನಗಬೇಡಿ. ಬೆಲ್ಟಿಲ್ಲದೆ ಚಿಂದಿನ ನಿನ್ನೆಯಿಂದ ಮೆಷಿನ್ ಕಾಲಿಗೆ ಕಟ್ಕೊಂಡು ಕೂತಿದೀನಿ, ನಮ್ಮಪ್ಪ ಎರಡು ಸಲ ಎಡವಿ ಬಿದ್ದರು. ಪಾರ್ಸೆಲ್ ಮಾಡಬೇಡಿ, ಲೇಟಾಗುತ್ತೆ."

"ನಾನೇ ತರ್ತೀನಿ," ಎಂದೆ. "ಈಗಲೇ."

ಫೋನಿಟ್ಟು ತಿರುಗಿದರೆ ಟೀಮ್ ಲೀಡರ್ ಬಾಗಿಲಲ್ಲಿ ನಿಂತಿದ್ದರು. ಎಷ್ಟು ಕೇಳಿಸಿಕೊಂಡರೋ. "ಹೋಗೋ ಮುಂಚೆ ಆ ರಿಟರ್ನ್ ಕ್ಯಾನ್ಸಲ್ ಮಾಡಿ ಹೋಗು," ಎಂದಷ್ಟೇ ಹೇಳಿ ಹೋದರು.

ಅವನು ಅಂಗಡಿಯ ನೆಲದ ಮೇಲೆ ಚಿಂದಿಯ ಪಕ್ಕ ಕೂತಿದ್ದ. ಏಳಲಿಲ್ಲ, ನಗಲಿಲ್ಲ. ಸರಿದು ಜಾಗ ಮಾಡಿದ. ನಾನು ಎದುರಿಗೆ ಕೂತು ಬೆಲ್ಟನ್ನು ಅವಳ ಕೊರಳಿಗೆ ಸುತ್ತಿ ಬಕ್ಕಲು ಹಾಕಿದೆ.

"ಬಿಗಿಯಾಯ್ತಾ?" ಎಂದ.

"ಎರಡು ಬೆರಳು ಹೋಗೋಷ್ಟು ಜಾಗ ಇರಬೇಕು," ಎಂದೆ. ಬೆಲ್ಟಿನಡಿ ನನ್ನದೊಂದು ಬೆರಳು ತೂರಿಸಿ ತೋರಿಸಿದೆ.

ಅವನು ನನ್ನನ್ನೇ ನೋಡುತ್ತಿದ್ದ. ಇನ್ನೂ ಮುನಿಸಿತ್ತು ಆ ಕಣ್ಣಿನಲ್ಲಿ, ಮುನಿಸಿನ ಅಂಚಿನಲ್ಲಿ ಇನ್ನೇನೋ. ನೋಡುತ್ತಲೇ ಎರಡನೆಯ ಬೆರಳು ಅವನು ತೂರಿಸಿದ.

ಸರಿಯಾಗಿ ಹಿಡಿಸಿತು. ಚಿಂದಿ ಆಕಳಿಸಿ ಕಣ್ಣು ಮುಚ್ಚಿದಳು. ಇಬ್ಬರಲ್ಲಿ ಯಾರೂ ಬೆರಳು ತೆಗೆಯಲಿಲ್ಲ.